ಮೊದಲ ಏಟು ಖಾಲಿ

ಪಾಂಡವಪುರ
12-2-1995

ಶ್ರೀಮಾನ್ ಬೆಂಜಮಿನ್ ಸೋಮಯ್ಯನವರ ಪಾದಾರವಿಂದಗಳಿಗೆ, ಆ ಪಾದಗಳು ಸದ್ಯ ಶಿಲ್ಲಾಂಗಿನ ಚಳಿಯಲ್ಲಿ ಉಣ್ಣೆಯ ಕಾಲುಚೀಲದೊಳಗೆ ಬೆಚ್ಚಗಿವೆ ಎಂಬ ಭರವಸೆಯಿಂದ, ಶ್ರೀ ಹಿರೋಡೆ ಬ್ಯಾಂಡ್ ಸೆಟ್ಟಿನ ಸೈಡ್ ಡ್ರಮ್ ಇಲಾಖೆಯ ಏಕೈಕ ಅಧಿಕಾರಿಯಾದ ಚಲುವರಾಜು ಸಲ್ಲಿಸುವ ವರದಿ.

ತಾವು ಊರು ಬಿಟ್ಟ ಸಂಗತಿ ಇಲ್ಲಿ ಈಗಾಗಲೇ ನಾಲ್ಕು ಬಗೆಯಲ್ಲಿ ಚಾಲ್ತಿಯಲ್ಲಿದೆ. ಒಂದರಲ್ಲಿ ತಾವು ನರ್ಸಮ್ಮನೊಬ್ಬಳ ಹಿಂದೆ ಹೋಗಿದ್ದೀರಿ. ಇನ್ನೊಂದರಲ್ಲಿ ಮಿಲಿಟರಿ ಸೇರಿ ಬರ್ಮಾ ಗಡಿ ಕಾಯುತ್ತಿದ್ದೀರಿ. ಆದ್ದರಿಂದ ನಿಜವಾಗಿ ನಡೆದದ್ದನ್ನು ದಾಖಲೆಗಾಗಿ ಬರೆದಿಡುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ ಕಳಿಸತಕ್ಕದ್ದು.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ, ಶ್ರೀರಂಗಪಟ್ಟಣದ ನಿಮ್ಮ ಚರ್ಚಿನಲ್ಲಿ, ತಾವು ಸ್ವಂತ ಕಟ್ಟಿದ ಹಾಡೊಂದನ್ನು ಹಾಡಲು ಎದ್ದು ನಿಂತಿರಿ. ಅನ್ಯಮತೀಯನಾದರೂ ಆಹ್ವಾನಿತನಾದ ನಾನು ಡ್ರಮ್ಮಿನೊಂದಿಗೆ ಕೂತೆ. ಹಾರ್ಮೋನಿಯಂ ಹಿಂದೆ ತಮ್ಮ ತಂದೆಯವರೂ, ನಮ್ಮಿಬ್ಬರಿಗೂ ಅಕ್ಷರ ಕಲಿಸಿದ ಮೇಷ್ಟ್ರೂ, ಕ್ವಯರೆಂಬ ಚರ್ಚಿನ ಹಾಡುಗಾರರ ತಂಡದ ಆಜೀವ ಯಜಮಾನರೂ ಆದ ಚಿಕ್ಕಮಾದಯ್ಯನವರಿದ್ದರು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಬೆಂಚುಗಳ ಕೆಳಗೆ ಕಾಲುಗಳು ಅಲುಗಾಡತೊಡಗಿದವು. ಮೇಷ್ಟ್ರು ಹಾರ್ಮೋನಿಯಂ ಮುಚ್ಚಳವನ್ನು ಟಪ್ಪೆಂದು ಮುಚ್ಚಿ, “ಇದು ಆರಾಧನೆ ಕಣಪ್ಪ, ಮೆರವಣಿಗೆ ಅಲ್ಲ” ಎಂದರು. ಆ ಟಪ್ಪು ತಾಳಕ್ಕೆ ಸರಿಯಾಗಿಯೇ ಬಿತ್ತೆಂಬುದನ್ನು ಡ್ರಮ್ಮಿನವನಾಗಿ ನಾನು ಗಮನಿಸಿದ್ದೇನೆ. ತಾವು ಹೊರಗೆ ಬಂದು ಆಡಿದ ಮಾತು: “ಅಪ್ಪ ತಾನಾಗಿ ಬಾ ಅನ್ನೋಗಂಟ ಈ ಬಾಗ್ಲು ತುಳಿಯಾಕಿಲ್ಲ ಕಣ್ಲಾ.” ಜನವರಿಯಲ್ಲಿ ಗೌಹಾತಿ ರೈಲು.

ಇದು ವರದಿ. ಇನ್ನು ಸಲಹೆ. ಮೇಷ್ಟ್ರು ತಾವಾಗಿ ‘ಬಾ’ ಎನ್ನುವ ಸೂಚನೆ ಸದ್ಯಕ್ಕಿಲ್ಲ. ತಮ್ಮ ಹೆಸರನ್ನೇ ಎತ್ತುವುದಿಲ್ಲ. ಆದರೆ ಅವರ ಕೈಬರಹ ನನ್ನ ಕೈಯಲ್ಲೇ ಇದೆ. ಹೈಸ್ಕೂಲಿನಲ್ಲಿ ಅವರ ಹೆಸರಿನ ರಜಾ ಚೀಟಿ ಬರೆದು ತಮಗೆ ಮೂರು ಜ್ವರವನ್ನೂ ಒಂದು ಕಾಮಾಲೆಯನ್ನೂ ಮಂಜೂರು ಮಾಡಿದ್ದು ಇದೇ ಕೈ. ಅಪ್ಪಣೆಯಾದರೆ ‘ಮಗನೇ, ಬಂದುಬಿಡು’ ಎಂಬ ಕಾರ್ಡೊಂದು ನಾಳೆಯೇ ಟಪಾಲಿಗೆ ಬೀಳುತ್ತದೆ.

ತಮ್ಮ ವಿಧೇಯ,
ಚಲುವರಾಜು

*

ಶಿಲ್ಲಾಂಗ್
9-3-1995

ಚಲುವ,

ವರದಿ ತಲುಪಿತು. ತಿದ್ದುಪಡಿ ಒಂದೇ: ಮುಚ್ಚಳ ಬಿದ್ದದ್ದು ಮೂರನೇ ಚರಣದಲ್ಲಿ.

ಆ ಕಾರ್ಡು ಮಾತ್ರ ಬೇಡ. ತಮಾಷೆಗೂ ಬೇಡ. ಕಾಮಾಲೆಗೆ ನಿನಗೆ ಋಣಿ, ಆದರೆ ಇದು ಕಾಮಾಲೆಯಲ್ಲ.

ನಾನು ಚೆನ್ನಾಗಿದ್ದೇನೆ. ಮಾರ್ನಿಂಗ್ ಹಿಲ್ಸ್ ಅಂತ ಬ್ಯಾಂಡು, ಊರೂರು ಚರ್ಚುಗಳಿಗೆ ಹೋಗಿ ದೇವರ ಹಾಡು ಹಾಡುತ್ತದೆ. ಅದರಲ್ಲಿ ನಾನು ಮುಂದೆ ನಿಂತು ಹಾಡುತ್ತಿದ್ದೇನೆ. ಯಜಮಾನ ಬಾ ಶಾನ್. ‘ಬಾ’ ಅಂದರೆ ಇಲ್ಲಿನ ಖಾಸಿ ಮಾತಿನಲ್ಲಿ ಅಣ್ಣ ಎಂದು. ಇವರು ಹಾಡುವುದು ರೆಗೆ ಎನ್ನುವ ತಾಳದಲ್ಲಿ. ಅದು ಹುಟ್ಟಿದ್ದು ಜಮೈಕಾ ಎಂಬ ದ್ವೀಪದಲ್ಲಿ. ಅಲ್ಲಿಯೂ ಕಬ್ಬಿನ ಗದ್ದೆಗಳಂತೆ, ನಿನಗೆ ಮೋಸವಿಲ್ಲ.

ಈ ತಾಳ ನಿನಗೆ ಬರಬೇಕು. ನಾನು ಯಾವತ್ತಾದರೂ ಅಲ್ಲಿಗೆ ಬಂದು ಹಾಡಿದರೆ ಬೇರೆ ಯಾರ ಕೈಗೂ ಇದನ್ನು ಕೊಡುವುದಿಲ್ಲ. ಟಪಾಲಿನಲ್ಲೇ ಕಲಿ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸು. ಎರಡಕ್ಕೂ ನಾಲ್ಕಕ್ಕೂ ಗಿಟಾರು ‘ಚಕ್’ ಎನ್ನುತ್ತದೆ. ಮೂರಕ್ಕೆ ದೊಡ್ಡ ಡ್ರಮ್ಮು. ಒಂದಕ್ಕೆ ಏನೂ ಇಲ್ಲ. ಒಂದನ್ನು ಹೊಡೆಯಬೇಡ. ಅದು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು ಅಂತ ಕೇಳಿದವರಿಗೆ ಗೊತ್ತಾಗಬೇಕು.

ಅಪ್ಪನ ಕೆಮ್ಮು ಹೇಗಿದೆ? ನಾನು ಕೇಳಿದೆ ಎನ್ನಬೇಡ.

ಸೋಮ

*

ಪಾಂಡವಪುರ
2-4-1995

ಜಮೈಕಾ ಸಂಸ್ಥಾನದ ರಾಯಭಾರಿಗಳಾದ ಸೋಮಯ್ಯನವರಿಗೆ,

ತಮ್ಮ ಸುತ್ತೋಲೆಯಂತೆ ಪ್ರಯೋಗ ನಡೆಸಲಾಯಿತು. ಫಲಿತಾಂಶ ಹೀಗಿದೆ.

ಪ್ರಯೋಗ ಒಂದು: ಅರಕೆರೆಯಲ್ಲಿ ಮದುವೆ. ಗಂಡಿನ ಮೆರವಣಿಗೆ ಹೊರಟಾಗ ನಾನು ಮೊದಲ ಏಟನ್ನು ಗುಟ್ಟಾಗಿ ಬಿಟ್ಟು ನೋಡಿದೆ. ಮೊದಲ ಏಟಿಗೆ ಬಲಗಾಲು ಇಡುವುದೇ ನಮ್ಮ ಕಡೆಯ ಮದುವೆ ಗಂಡಿನ ಹುಟ್ಟುಗುಣವೆಂದು ಆಗ ತಿಳಿಯಿತು. ಏಟು ಬೀಳಲಿಲ್ಲ, ಗಂಡು ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಮಾವನ ಪಾದದ ಮೇಲಿಟ್ಟ. ಕ್ಲಾರಿನೆಟ್ಟನ್ನು ಬಾಯಿಂದ ತೆಗೆದು ಬ್ಯಾಂಡಿನ ಯಜಮಾನ ತಮ್ಮಯ್ಯ ಕೇಳಿದ, “ಯಾಕ್ಲಾ, ಕೈ ಸತ್ತೋಗದಾ?” “ಇಲ್ಲಣ್ಣೋ, ಜಮೈಕಾಗೋಗದೆ” ಅಂದೆ. “ಬಂದ್ಮೇಕೆ ಸಂಬ್ಳ ಇಸ್ಕೊ” ಅಂದ.

ಪ್ರಯೋಗ ಎರಡು: ನಮ್ಮ ಮಾವ ದೇವರಾಜುವಿನ ಆಲೆಮನೆ. ಕಬ್ಬು ಅರೆಯುವ ಗಾಣಕ್ಕೆ ಹಳೆಯ ಡೀಸೆಲ್ ಎಂಜಿನ್ನು ಹಾಕಿದ್ದಾರೆ, ನಿನಗೆ ಗೊತ್ತು. ಅದು ಮುದುಕನಾಗಿ ಒಂದು ಗುದ್ದು ಗುದ್ದಿ ಇನ್ನೊಂದನ್ನು ನುಂಗುತ್ತದೆ. ಅದರ ಬೆಲ್ಟು ಹರಿದು ಹೊಲಿಗೆ ಹಾಕಿದ್ದಾರೆ. ಆ ಹೊಲಿಗೆ ಚಕ್ರದ ಮೇಲೆ ಹಾಯುವಾಗೆಲ್ಲ ‘ಚಟ್’ ಎನ್ನುತ್ತದೆ. ನುಂಗಿದ್ದು, ಚಟ್, ಗುದ್ದು, ಚಟ್. ನುಂಗಿದ್ದು, ಚಟ್, ಗುದ್ದು, ಚಟ್. ಲೋ ಸೋಮ, ನಿನ್ನ ರೆಗೆ ನಮ್ಮ ಆಲೆಮನೆಯಲ್ಲಿ ಎಷ್ಟು ವರ್ಷದಿಂದಲೋ ಓಡುತ್ತಿದೆ. ಬೆಲ್ಲದ ಹೊಗೆಯಲ್ಲಿ ಎಂಜಿನ್ ಎದುರು ಕೂತು ತೊಡೆ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ. “ಕಬ್ಬು ಕೊಡ್ಲಾ ಅಂದ್ರೆ ಎಂಜಿನ್ ಮುಂದೆ ಪೂಜಾರಿ ಅಂಗೆ ಕುಂತವ್ನಲ್ಲ ಇವ್ನು” ಎಂದು ಮಾವ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ಮೇಷ್ಟ್ರ ಕೆಮ್ಮು ಎಂದಿನಂತಿದೆ. ತಾವು ಕೇಳಿದಿರಿ ಎಂದು ನಾನು ಹೇಳಲಿಲ್ಲ. ತಾವು ಹೇಗಿದ್ದೀರಿ ಎಂದು ಅವರೂ ಕೇಳಲಿಲ್ಲ. ಆದರೆ ನನ್ನ ಸೈಕಲ್ಲು ನಿಲ್ಲಿಸಿ, ಶಿಲ್ಲಾಂಗಿನಲ್ಲಿ ಮಳೆ ಜಾಸ್ತಿಯಂತೆ ಹೌದಾ, ಎಂದು ಕೇಳಿದರು. ಭೂಗೋಳದ ಪ್ರಶ್ನೆಯೆಂದು ತಿಳಿದು ಉತ್ತರ ಕೊಟ್ಟೆ.

ಚಲುವರಾಜು

*

ಶಿಲ್ಲಾಂಗ್
20-8-1995

ಚಲುವ,

ಬರೆಯುವುದು ತಡವಾಯಿತು. ಮುಂದೆ ನಿಂತು ಹಾಡುತ್ತಿದ್ದೇನೆ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಆಗ ನಾನು ಸ್ಪೀಕರ್ ಡಬ್ಬ ಹೊರುತ್ತಿದ್ದೆ, ಸಾಮಾನು ಜೀಪಿಗೆ ಏರಿಸುತ್ತಿದ್ದೆ, ಅಡಿಗೆ ಮಾಡುತ್ತಿದ್ದೆ. ನಿನಗೇ ಸುಳ್ಳು ಬರೆದೆನಲ್ಲ ಎಂದು ನಾಚಿಕೆಯಾಗಿ ಕಾಗದ ಹಾಕಲಿಲ್ಲ. ಈಗ ಬರೆಯಬಹುದು. ಜೂನ್ ತಿಂಗಳಿಂದ ನಿಜವಾಗಿಯೂ ಹಾಡುತ್ತಿದ್ದೇನೆ.

ಆದದ್ದಿಷ್ಟೆ. ಒಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತ ನನ್ನಷ್ಟಕ್ಕೆ ಕನ್ನಡದಲ್ಲಿ ಏನೋ ಹಾಡಿಕೊಳ್ಳುತ್ತಿದ್ದೆ. ಬಾ ಶಾನ್ ಗಿಟಾರು ಹಿಡಿದು ಅಡಿಗೆಮನೆಗೆ ಬಂದು ‘ಚಕ್’ ಹಾಕಿದ. ಸಂಜೆಯ ಹೊತ್ತಿಗೆ ಹಾಡಾಗಿತ್ತು.

ಬಾಗಿಲು ತಟ್ಟುವ ಸ್ವಾಮಿ, ತಾಳು, ಬಂದೆ.
ಒಳಗಿನ ಚಿಲಕ ಬಿಗಿದಿದೆ, ತಾಳು, ಬಂದೆ.

ಬೆಟ್ಟದ ಮೇಲಿನ ಒಂದು ಚರ್ಚಿನಲ್ಲಿ ಇದನ್ನು ಹಾಡಿದೆ. ಕನ್ನಡ ಎಂಬ ಭಾಷೆ ಇದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಎರಡನೇ ಸಲಕ್ಕೆ ಬೆಂಚು ಬೆಂಚೇ ಎದ್ದು ‘ತಾಲು ಬಂದೆ, ತಾಲು ಬಂದೆ’ ಎಂದು ಹಾಡಿತು. ಅಜ್ಜಿಯೊಬ್ಬಳು ಆಮೇಲೆ ಬಂದು ನನ್ನ ಕೆನ್ನೆ ಹಿಂಡಿ ಕಿತ್ತಳೆ ಹಣ್ಣು ಕೊಟ್ಟಳು. ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ‘ಚಿಲಕ’ ಎಂದಾಗ ಚಿಲಕ ಎಂದು ತಿಳಿಯುವವರು ಅಲ್ಲಿ ಒಬ್ಬರೂ ಇರಲಿಲ್ಲ.

ಕ್ಯಾಸೆಟ್ಟು ಕಳಿಸುತ್ತಿದ್ದೇನೆ. ನಿನಗೆ ಮಾತ್ರ. ಅಪ್ಪನಿಗೆ ಕೇಳಿಸಬೇಡ.

ಸೋಮ

*

ಪಾಂಡವಪುರ
26-11-1995

ಸಂಗೀತ ಸಾಮ್ರಾಟ, ಪಾತ್ರೆ ಪ್ರವೀಣ, ಕಿತ್ತಳೆ ಪ್ರಶಸ್ತಿ ವಿಜೇತ ಸೋಮಯ್ಯನವರ ದಿವ್ಯ ಸನ್ನಿಧಿಗೆ,

ಕ್ಯಾಸೆಟ್ಟು ತಲುಪಿತು. ಮೇಷ್ಟ್ರಿಗೆ ಕೇಳಿಸಬಾರದೆಂಬ ಆಜ್ಞೆಯನ್ನು ಅಕ್ಷರಶಃ ಪಾಲಿಸಿದ್ದೇನೆ. ಕ್ಯಾಸೆಟ್ಟನ್ನು ಅವರಿಗೆ ಕೇಳಿಸಿಲ್ಲ. ಇದನ್ನು ಮೊದಲು ಒಪ್ಪಿಕೊಂಡು ಮುಂದೆ ಓದತಕ್ಕದ್ದು.

ಈ ತಿಂಗಳು ಕೆ.ಆರ್. ಪೇಟೆಯಲ್ಲಿ ನಿಮ್ಮವರದೇ ಒಂದು ಮದುವೆ. ಚರ್ಚಿನಲ್ಲಿ ಹಾಡಿಗೆ ಮೇಷ್ಟ್ರ ಕ್ವಯರು, ಚರ್ಚಿನಿಂದ ಛತ್ರದವರೆಗೆ ನಮ್ಮ ಬ್ಯಾಂಡು. ನಾನು ತಮ್ಮಯ್ಯನಿಗೆ ನಿನ್ನ ಹಾಡನ್ನು ಮೊದಲೇ ಕಲಿಸಿದ್ದೆ, ಇನ್ನೂ ಬಿಡುಗಡೆಯಾಗದ ಸಿನಿಮಾದ್ದು ಎಂದು ಹೇಳಿ. ಪಾಪ, ಅವನು ಕ್ಯಾಸೆಟ್ಟಿನಲ್ಲಿ ನೀನು ಉಸಿರೆಳೆದ ಕಡೆಯೆಲ್ಲ ತಾನೂ ಉಸಿರೆಳೆದು ಶ್ರದ್ಧೆಯಿಂದ ಕಲಿತ. ದಾರಿಯಲ್ಲಿ ಊದಿಯೂ ಬಿಟ್ಟ. ನಾನು ಒಂದನ್ನು ಬಿಟ್ಟು, ಚಟ್, ಗುದ್ದು, ಚಟ್. ನಿಮ್ಮವರ ಮದುವೆ ಗಂಡು ಬೂಟು ಹಾಕಿದ್ದರಿಂದಲೋ ಏನೋ ಯಾರ ಕಾಲನ್ನೂ ತುಳಿಯಲಿಲ್ಲ.

ಮೇಷ್ಟ್ರು ಜನರ ನಡುವಿನಿಂದ ದಾರಿ ಮಾಡಿಕೊಂಡು ನನ್ನ ಪಕ್ಕಕ್ಕೇ ಬಂದರು.

“ಯಾವ್ದಯ್ಯ ಈ ರಾಗ?”

ನಿಜ ಹೇಳಬೇಕೆಂದು ಬಾಯಿ ತೆರೆದೆ. ಬಾಯಿಗೆ ಅದರದೇ ಅಭ್ಯಾಸಗಳಿವೆ. “ಹಳೇದು ಸಾ. ಪಾರ್ಕಿನ್ಸ್ ದೊರೆ ಅಂತ ಒಬ್ಬ ಪಾದ್ರಿ ಇದ್ನಂತಲ್ಲ. ಹೇಮಗಿರಿ ದನಗಳ ಜಾತ್ರೇಲಿ ಪುಸ್ತಕ ಹಂಚಾಕೋಗಿ, ಎತ್ತಿನ ಕೊರಳ ಗಂಟೆ ಕೇಳಿ ಕಟ್ಟಿದ್ದಂತೆ. ನಮ್ಮ ತಾತ ಅವನ ಮುಂದೆ ನುಡಿಸ್ತಿದ್ರು.” ಪಾರ್ಕಿನ್ಸ್ ದೊರೆ ಆ ಕ್ಷಣದಲ್ಲಿ ಹುಟ್ಟಿದ. ಹುಟ್ಟಿದ ಮೇಲೆ ಸಾಯಿಸಲು ಮನಸ್ಸಾಗಲಿಲ್ಲ.

ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದು ಅಲ್ಲೇ ರಾಗ ಬರೆದುಕೊಂಡರು, ಕ್ವಯರಿಗೆ ಕಲಿಸುವ ಅದೇ ದೋ-ರೇ-ಮೀ ಸೋಲ್ಫಾ ಅಕ್ಷರದಲ್ಲಿ. ನನಗಂತೂ ಅದು ಇರುವೆ ಸಾಲು ಗೀಟು ದಾಟಿ ಹೋದಂತೆ ಕಾಣುತ್ತದೆ. ಹಾಡಿನ ಮಾತು ಕೇಳಿದರು, ಬರೆದುಕೊಟ್ಟೆ. ದೊರೆಗೆ ಕನ್ನಡ ಚೆನ್ನಾಗಿತ್ತು ಎಂದರು. ಬಹಳ ಚೆನ್ನಾಗಿತ್ತು ಸಾ, ಎಂದೆ.

ಈಗ ಕೇಳು. ಕಳೆದ ಭಾನುವಾರ ನಿಮ್ಮ ಕ್ವಯರು ಅದನ್ನು ಹಾಡಿತು! ಚರ್ಚಿನ ಕರಿಹಲಗೆಯ ಮೇಲೆ ಬರೆದು ಕಲಿಸುತ್ತಿದ್ದಾರೆ. ನಾನು ಕಿಟಕಿ ಪಕ್ಕ ನಿಂತು ಕೇಳಿದೆ. ಮೇಷ್ಟ್ರು ‘ಒಂದು’ ಎನ್ನುವ ಎಣಿಕೆಗೆ ಪ್ರತಿ ಸಲವೂ ಹಾರ್ಮೋನಿಯಮ್ಮನ್ನು ಒತ್ತಿ ಹಿಡಿಯುವುದರಿಂದ ಹಾಡು ಕಬ್ಬಿನ ಗಾಡಿ ದಿಣ್ಣೆ ಹತ್ತಿದಂತೆ ಹೋಗುತ್ತದೆ. ಆದರೂ ನಿನ್ನ ಹಾಡು, ನಿನ್ನಪ್ಪನ ಕೈಯಲ್ಲಿ, ಅದೇ ಚರ್ಚಿನಲ್ಲಿ. ಪ್ರಶಸ್ತಿ ಕಿತ್ತಳೆಯನ್ನು ಹಂಚಿಕೊಳ್ಳಲು ನಾನು ಸಿದ್ಧನಿದ್ದೇನೆ.

ಚಲುವರಾಜು

*

ಶಿಲ್ಲಾಂಗ್
18-12-1995

ಚಲುವ,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಬಾ ಶಾನ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ, ಅವನೂ ನಕ್ಕ. ಆಮೇಲೆ ನಗು ಬರಲಿಲ್ಲ.

ನೀನು ಏನು ಮಾಡಿದ್ದೀಯ ಗೊತ್ತಾ? ನಾನು ಕಟ್ಟಿದ್ದು ಎಂದಿದ್ದರೆ ಅಪ್ಪ ಕಿವಿ ಕೊಡುತ್ತಿರಲಿಲ್ಲ. ಸತ್ತವನೊಬ್ಬ, ಅದೂ ಹುಟ್ಟೇ ಇಲ್ಲದವನೊಬ್ಬ ಕಟ್ಟಿದ್ದು ಎಂದಾಗ ಮದುವೆ ಮೆರವಣಿಗೆಯಲ್ಲೇ ಜೇಬಿನಿಂದ ಚೀಟಿ ತೆಗೆದರು. ನನಗೆ ಬೇಕಿದ್ದ ಉತ್ತರ ಸಿಕ್ಕಿತು. ಈಗ ನಿಜ ಹೇಳಲು ಹೋಗಬೇಡ. ಹೇಳಿದರೆ ಕರಿಹಲಗೆ ಒರೆಸಿಬಿಡುತ್ತಾರೆ. ಹಾಡಾದರೂ ಅಲ್ಲಿರಲಿ.

ಬ್ಯಾಂಡು ಏಪ್ರಿಲ್ ಕೊನೆಗೆ ಎರಡು ವರ್ಷದ ಪ್ರವಾಸ ಹೊರಡುತ್ತದೆ. ಕೊಹಿಮಾ, ಐಜ್ವಾಲ್, ಆಮೇಲೆ ಕಲ್ಕತ್ತದಲ್ಲಿ ರೆಕಾರ್ಡಿಂಗು. ಮುಂದೆ ನಿಂತು ಹಾಡುವ ಜಾಗ ನನಗೆ. ಎಲ್ಲವೂ ಇಂಗ್ಲಿಷಿನಲ್ಲಿ. ಹೂಂ ಅಂದರೆ ನಡುವೆ ಬಿಡುವಂತಿಲ್ಲ. ಬಾ ಶಾನ್ ಕೇಳುತ್ತಿದ್ದಾನೆ. ಅಪ್ಪನ ಬಾಯಿಂದ ಏನಾದರೂ ಬರಬಹುದು ಅಂತ ಇಷ್ಟು ದಿನ ತಳ್ಳುತ್ತ ಬಂದೆ.

ಸೋಮ

*

ಅಣೆಕಟ್ಟಿನ ಅರಮನೆ, ಕೆ.ಆರ್.ಎಸ್.
10-1-1996

ಕೆ.ಆರ್.ಎಸ್. ಅಣೆಕಟ್ಟು, ಎಡದಂಡೆ ನಾಲೆ, ಬಲದಂಡೆ ನಾಲೆ ಹಾಗೂ ನಡುವಿನ ಸಮಸ್ತ ಮೀನುಗಳ ಬಿಷಪ್ಪರಾದ ನಾವು, ಸೋಮಯ್ಯನೆಂಬ ದಾರಿ ತಪ್ಪಿದ ಕುರಿಗೆ ಆಜ್ಞಾಪಿಸುವುದೇನೆಂದರೆ:

ಕೊಹಿಮಾ ಮುಂತಾದ ಕಡೆ ಹೋಗಕೂಡದು. ಈ ಆಜ್ಞೆ ಕಂಡ ಕೂಡಲೇ ರೈಲು ಹತ್ತತಕ್ಕದ್ದು. ತಪ್ಪಿದರೆ ಕ್ರೆಸ್ಟ್ ಗೇಟುಗಳನ್ನೆಲ್ಲ ಒಟ್ಟಿಗೆ ತೆಗೆಸಿ ಶ್ರೀರಂಗಪಟ್ಟಣವನ್ನು ಮುಳುಗಿಸಲಾಗುವುದು.

(ಮುದ್ರೆ: ಇಲ್ಲಿನ ಹೋಟೆಲಿನ ಕಾಫಿ ಲೋಟದ ತಳ)

*

ಶ್ರೀರಂಗಪಟ್ಟಣ
5-2-1996

ಚಿ. ಬೆಂಜಮಿನ್‌ಗೆ,

ನಾನು ಆರೋಗ್ಯ. ಕೆ.ಆರ್. ಪೇಟೆಯ ಮದುವೆಯಲ್ಲಿ ಬ್ಯಾಂಡಿನವರು ನುಡಿಸಿದ ರಾಗವನ್ನು ಹಳೆಯ ದೊರೆಯೊಬ್ಬರದು ಎಂದು ಚಲುವರಾಜು ಹೇಳಿದ. ಎರಡನೇ ಸಾಲಿನ ನಡುವೆ, ಮಾತು ಮುಗಿಯುವ ಮೊದಲೇ, ಉಸಿರು ಎಳೆಯುವ ಜಾಗವಿದೆ. ಅಲ್ಲಿ ಉಸಿರು ಎಳೆಯಬೇಡವೆಂದು ನಿನಗೆ ಚಿಕ್ಕಂದಿನಿಂದ ಹೇಳಿದ್ದೇನೆ. ದೊರೆಗೆ ಹೇಳಿರಲಿಲ್ಲ.

ನಾವು ಹಾಡುವುದು ಸರಿ ಬರುತ್ತಿಲ್ಲ. ಹೀಗಿರಬೇಕೇನೋ:

| __ ಸೋ ಮೀ ಸೋ | __ ಲಾ ಸೋ ಮೀ |

ಈಸ್ಟರಿಗೆ ಬಂದು ತಿದ್ದು.

ಚಿಕ್ಕಮಾದಯ್ಯ

*

ಶಿಲ್ಲಾಂಗ್
16-2-1996

ಚಲುವರಾಜು,

ಅಣೆಕಟ್ಟಿನ ಬಿಷಪ್ಪನನ್ನು ಸಹಿಸಿಕೊಂಡೆ. ಅಪ್ಪನ ಕಾರ್ಡು ಬೇಡ ಎಂದು ಒಂದೇ ಒಂದು ಮಾತು ಕೇಳಿದ್ದೆ. ಅದನ್ನೂ ನೀನು ಉಳಿಸಲಿಲ್ಲ.

ಕೈಬರಹ ಚೆನ್ನಾಗಿದೆ. ‘ಬೆಂಜಮಿನ್’ ಎಂದು ಬರೆದದ್ದೂ ಸರಿ, ಅಪ್ಪ ಸೋಮ ಎನ್ನುವುದಿಲ್ಲ. ಉಸಿರಿನ ವಿಷಯ ಕ್ವಯರಿಗೆಲ್ಲ ಗೊತ್ತಿರುವುದೇ. ಸೋಲ್ಫಾವನ್ನು ಚರ್ಚಿನ ಕರಿಹಲಗೆ ನೋಡಿ ಇಳಿಸಿಕೊಂಡಿದ್ದೀಯ. ಆದರೆ ಎರಡು ಕಡೆ ಸಿಕ್ಕಿಬಿದ್ದೆ. ‘ದೊರೆಗೆ ಹೇಳಿರಲಿಲ್ಲ’ ಎಂಬುದು ನಿನ್ನ ತಮಾಷೆ. ನಮ್ಮಪ್ಪ ತಮಾಷೆ ಮಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಇನ್ನೊಂದು, ‘ಬಂದು ತಿದ್ದು.’ ಅವರು ಯಾರನ್ನೂ ತಿದ್ದು ಎನ್ನುವವರಲ್ಲ. ತಿದ್ದುವವರು.

ಕಾರ್ಡು ಕೈಗೆ ಬಂದಾಗ ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸಾಯಂಕಾಲದವರೆಗೆ ನಂಬಿದ್ದೆ. ಅದಕ್ಕೇ ಇಷ್ಟು ಸಿಟ್ಟು.

ಬಾ ಶಾನ್‌ಗೆ ಹೂಂ ಅಂದುಬಿಟ್ಟಿದ್ದೇನೆ. ಇನ್ನು ಕಾಗದ ಬರೆಯುವ ತೊಂದರೆ ತೆಗೆದುಕೊಳ್ಳಬೇಡ.

ಸೋಮಯ್ಯ

*

ಪಾಂಡವಪುರ
27-2-1996

ಸೋಮ,

ಆ ಕಾರ್ಡು ನಾನು ಬರೆದಿಲ್ಲ.

ಮುಂದೆ ಏನು ಬರೆಯಬೇಕೆಂದು ತಿಳಿಯದೆ ಎರಡು ಹಾಳೆ ಹರಿದೆ. ನಿಜವನ್ನು ಬರೆಯುವುದು ನನಗೆ ಅಭ್ಯಾಸವಿಲ್ಲ, ಬರೆದರೂ ಅದು ನನ್ನ ಕೈಬರಹದಲ್ಲೇ ಇರುತ್ತದೆ.

ನಿನಗೆ ಬರೆಯದೆ ಬಿಟ್ಟದ್ದು ನನ್ನ ಕಡೆಯಿಂದಲೂ ಒಂದಿದೆ. ಜನವರಿಯಲ್ಲಿ ನನ್ನನ್ನು ಬ್ಯಾಂಡಿನಿಂದ ತೆಗೆದರು. ನಾಗಮಂಗಲದಲ್ಲಿ ದೊಡ್ಡ ಮದುವೆ, ಗಂಡಿನ ಕಡೆಯ ಹುಡುಗರು ಬ್ಯಾಂಡಿನ ಮುಂದೆ ಕುಣಿಯುತ್ತಿದ್ದರು. ನನ್ನ ಕೈ ತಾನಾಗಿಯೇ ಒಂದನ್ನು ಬಿಟ್ಟಿತು. ಈ ಸಲ ತಮಾಷೆಗಲ್ಲ, ಆ ತಾಳ ಈಗ ಕೈಯೊಳಗೆ ಕೂತಿದೆ, ಹೊರಡು ಎಂದರೆ ಹೊರಡುವುದಿಲ್ಲ. ಕುಣಿಯುತ್ತಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ತಮ್ಮಯ್ಯ ಬೈಯಲೂ ಇಲ್ಲ. “ನಿನ್ಕೈ ಬ್ಯಾರೆ ಊರ್ದಾಗೋಯ್ತು ಕಣ್ಲಾ, ಇಲ್ಲಿಗಾಗಾಕಿಲ್ಲ” ಎಂದು ಡ್ರಮ್ಮು ಇಳಿಸಿಕೊಂಡ. ಈಗ ಆಲೆಮನೆಯಲ್ಲೇ ಪೂರ್ತಿ ಕೆಲಸ. ನೀನು ಬಾರದಿದ್ದರೆ ಈ ಕೈ ಯಾವುದಕ್ಕೂ ಬಾರದು. ಇದನ್ನು ನಿನ್ನನ್ನು ಕರೆಯಲು ಬರೆಯುತ್ತಿಲ್ಲ. ಇರುವುದನ್ನು ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದ ಮಾರನೆಯ ದಿನ ಶ್ರೀರಂಗಪಟ್ಟಣಕ್ಕೆ ಹೋದೆ. ಕರಿಹಲಗೆ ನೋಡಿ ಇಳಿಸಿಕೊಂಡೆ ಎಂದೆಯಲ್ಲ, ಆ ಕರಿಹಲಗೆಯನ್ನು ಮೊದಲ ಸಲ ಒಳಗೆ ಹೋಗಿ ನೋಡಿದೆ. ಮೇಷ್ಟ್ರು ಒಬ್ಬರೇ ಬೆಂಚು ಒರೆಸುತ್ತಿದ್ದರು. ನಾನು ಬರೆದುಕೊಳ್ಳುವುದನ್ನು ನೋಡಿ, “ಏನಯ್ಯಾ ಅದು?” ಎಂದರು.

“ಹೋಂವರ್ಕು ಸಾ.”

“ಈ ವಯಸ್ನಲ್ಲಿ?” ಬಟ್ಟೆ ಹಿಂಡಿದರು. “ಇದ್ದಂಗೇ ಬರ್ಕೊ. ತಪ್ಪಿದ್ರೆ ತಪ್ಪಂಗೇ ಬರ್ಕೊ. ನೀನ್ ತಿದ್ದಾಕೋಗ್ಬೇಡ.”

ಕಾರ್ಡು ನೀವೇ ಬರೆದಿರಾ ಎಂದು ಕೇಳಬಹುದಿತ್ತು. ಕೇಳಿ, ಹೌದು ಎಂದು ಅವರು ಹೇಳಿ, ನಾನು ನಿನಗೆ ಬರೆದರೆ ನೀನು ನಂಬುತ್ತೀಯಾ? ನಿನ್ನ ಜಾಗದಲ್ಲಿ ನಾನೂ ನಂಬುವುದಿಲ್ಲ. ಅದಕ್ಕೆ ಕೇಳಲಿಲ್ಲ.

ಹಲಗೆಯ ಮೇಲೆ ಇದ್ದದ್ದು ಇದು. ನನಗೆ ಓದಲು ಬರುವುದಿಲ್ಲ, ಚಿತ್ರ ಬರೆದಂತೆ ಬರೆದಿದ್ದೇನೆ:

| ದೋ ಸೋ ಮೀ ಸೋ | ದೋ ಲಾ ಸೋ ಮೀ |

ನಿನ್ನ ಕಾರ್ಡಿನಲ್ಲಿ ಏನಿದೆಯೋ ನಾನು ನೋಡಿಲ್ಲ. ಅದರಲ್ಲಿರುವುದು ಇದೇ ಆಗಿದ್ದರೆ ನಾನೇ ಬರೆದದ್ದು ಎಂದು ತಿಳಿದುಕೊ. ಮತ್ತೆ ಕಾಗದ ಹಾಕುವುದಿಲ್ಲ.

ಚಲುವ

*

ಶಿಲ್ಲಾಂಗ್
9-3-1996

ಚಲುವ,

ಒಂದೇ ಅಲ್ಲ.

ಕಾರ್ಡನ್ನೂ ನಿನ್ನ ಕಾಗದವನ್ನೂ ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟೆ. ನಿನಗೆ ಓದಲು ಬಾರದ್ದರಿಂದ ಹೇಳುತ್ತೇನೆ. ಸೋಲ್ಫಾದಲ್ಲಿ ಒಂದು ಗೀಟಿನಿಂದ ಇನ್ನೊಂದು ಗೀಟಿಗೆ ನಾಲ್ಕು ಮನೆ. ಹಲಗೆಯ ಮೇಲೆ ಮೊದಲ ಮನೆಯಲ್ಲಿ ‘ದೋ’ ಇದೆ. ಕಬ್ಬಿನ ಗಾಡಿಯ ಭಾರವೆಲ್ಲ ಅದೇ. ಕಾರ್ಡಿನಲ್ಲಿ ಆ ಮನೆ ಖಾಲಿ. ಎರಡು ಕಡೆಯೂ ಖಾಲಿ. ಮರೆತು ಬಿಟ್ಟದ್ದಲ್ಲ, ಕೆಳಗೆ ಸಣ್ಣ ಗೆರೆ ಎಳೆದು ಜಾಗ ಹಿಡಿದಿದ್ದಾರೆ. ಸೋಲ್ಫಾ ಓದಲು ಬಾರದವನು ಹಲಗೆ ನೋಡಿ ಇಳಿಸಿದರೆ ಹೀಗೆ ಬರೆಯಲಾರ.

ಕಾರ್ಡನ್ನು ಮೊದಲ ದಿನವೇ ಸರಿಯಾಗಿ ಓದಿದ್ದರೆ ಗೊತ್ತಾಗುತ್ತಿತ್ತು. ನಾನು ಮಾತನ್ನು ಓದಿದೆ, ರಾಗವನ್ನು ಹಾಡಿ ನೋಡಲಿಲ್ಲ. ಮೊನ್ನೆ ಅಡಿಗೆಮನೆಯಲ್ಲಿ ಹಾಡಿ ನೋಡಿದೆ. ಬಾ ಶಾನ್ ಹೊರಗಿನಿಂದಲೇ ‘ಚಕ್’ ಹಾಕಿದ. ಯಾರು ಬರೆದದ್ದು ಎಂದು ಕೇಳಿದ. ನಮ್ಮಪ್ಪ ಎಂದೆ. ನಿಮ್ಮಪ್ಪ ಜಮೈಕಾದವರಾ ಎಂದ.

ಅಪ್ಪ ಅದನ್ನು ಎಲ್ಲಿ ಕಲಿತರು? ನಿನ್ನ ಡ್ರಮ್ಮಿನ ಪಕ್ಕ ನಿಂತು ಬರೆದುಕೊಂಡರಲ್ಲ, ಆ ಚೀಟಿಯಲ್ಲಿ ಖಾಲಿಯನ್ನೂ ಬರೆದುಕೊಂಡಿರಬೇಕು. ಹಲಗೆಗೆ ಬರೆಯುವಾಗ ತುಂಬಿದರು. ಕಾರ್ಡಿಗೆ ಬರೆಯುವಾಗ ಮತ್ತೆ ತೆಗೆದರು. ನಡುವೆ ಎರಡು ತಿಂಗಳು ಏನು ಯೋಚಿಸಿದರೋ.

ಬಾ ಶಾನ್‌ಗೆ ಪ್ರವಾಸ ಬೇಡ, ಊರಿಗೆ ಹೋಗುತ್ತೇನೆ ಎಂದೆ. ಅವನು ಬೇಸರ ಮಾಡಿಕೊಂಡ, ಬೈದ, ಆಮೇಲೆ ಸ್ವೆಟರು ಕೊಟ್ಟ. ನನ್ನ ಮೈಕು ಈಗ ಪಕ್ಕದ ಜೋವಾಯಿ ಊರಿನ ಹುಡುಗನೊಬ್ಬನಿಗೆ ಹೋಗಿದೆ, ಚೆನ್ನಾಗಿ ಹಾಡುತ್ತಾನೆ. ಕಲ್ಕತ್ತದ ರೆಕಾರ್ಡಿಂಗಿನಲ್ಲಿ ನನ್ನ ದನಿ ಇರುವುದಿಲ್ಲ. ಅದರ ಬಗ್ಗೆ ದುಃಖವಿಲ್ಲ ಎಂದು ಬರೆದರೆ ಮತ್ತೊಂದು ಸುಳ್ಳಾಗುತ್ತದೆ.

ಏಪ್ರಿಲ್ ಒಂದಕ್ಕೆ ಗೌಹಾತಿಯಿಂದ ರೈಲು. ಆ ತಾರೀಖು ನೋಡಿ ನೀನು ನಂಬದಿರಬಹುದು. ನಿನಗೂ ಒಂದು ಸಲ ಹಾಗಾಗಲಿ.

ಕ್ಷಮಿಸು ಅಂತ ಬರೆಯಬೇಕು. ಬಂದು ಹೇಳುತ್ತೇನೆ. ಡ್ರಮ್ಮು ಎಲ್ಲಿಂದಾದರೂ ಹೊಂದಿಸು.

ಸೋಮ

*

ಪಾಂಡವಪುರ
19-3-1996

ಮಹಾರಾಜರಾಜಶ್ರೀ ಬೆಂಜಮಿನ್ ಸೋಮಯ್ಯನವರಿಗೆ, ಶ್ರೀ ಹಿರೋಡೆ ಬ್ಯಾಂಡ್ ಸೆಟ್ಟಿನ ಮಾಜಿ ನೌಕರನೂ, ಶ್ರೀರಂಗಪಟ್ಟಣ ಚರ್ಚಿನ ಡ್ರಮ್ ಇಲಾಖೆಗೆ ಹಂಗಾಮಿಯಾಗಿ ನೇಮಕಗೊಂಡವನೂ ಆದ ಚಲುವರಾಜು ಸಲ್ಲಿಸುವ ವರದಿ.

ಹೌದು, ನೇಮಕ. ತಮ್ಮ ಕಾಗದ ಬಂದ ಸಂಜೆಯೇ ಹೋಗಿ ಮೇಷ್ಟ್ರ ಮುಂದೆ ನಿಂತೆ. “ಸಾ, ಪಾರ್ಕಿನ್ಸ್ ದೊರೆ ಅಂತ ಯಾರೂ ಇರ್ಲಿಲ್ಲ.” “ಗೊತ್ತು ಕಣಯ್ಯ” ಎಂದರು. “ಹೇಮಗಿರಿ ಜಾತ್ರೆ ಗಲಾಟೇಲಿ ಯಾವ್ ದೊರೆಗೆ ಗಂಟೆ ಕೇಳಿಸ್ತದೆ?” ಆಮೇಲೆ, ಡ್ರಮ್ಮು ತಂದರೆ ಹಾರ್ಮೋನಿಯಮ್ಮಿನ ಮುಂದೆ ಇಡಕೂಡದು, ಹಿಂದೆ ಇಟ್ಟುಕೊಳ್ಳಬೇಕು ಎಂದರು. ತಮ್ಮಯ್ಯನ ಹತ್ತಿರ ಹೋಗಿ ಹಳೆಯ ಡ್ರಮ್ಮು ಕೇಳಿದೆ. “ತಕ್ಕೊಂಡೋಗ್ಲಾ. ಈಸ್ಟರಾದ್ಮೇಕೆ ವಾಪಸ್ ತರ್ಬೇಡ, ನಿನ್ನ ರೋಗ ನಮ್ಮ ಹುಡುಗರ್ಗೂ ಅಂಟ್ತದೆ” ಎಂದ.

ಭಾನುವಾರ ಅಭ್ಯಾಸ ನಡೆಯಿತು. ಹಲಗೆಯನ್ನು ಒರೆಸಿ ಹೊಸದಾಗಿ ಬರೆದಿದ್ದಾರೆ. ಮೇಷ್ಟ್ರು ಸ್ಕೇಲು ಹಿಡಿದು, “ಒಂದಕ್ಕೆ ಯಾರೂ ಚಪ್ಪಾಳೆ ತಟ್ಟಕೂಡದು” ಎಂದು ಅಪ್ಪಣೆ ಮಾಡಿದರು. ಕ್ವಯರಿನ ಹೆಂಗಸರು ಸರಿಯಾಗಿ ಒಂದಕ್ಕೇ ತಟ್ಟಿದರು. ಯಶೋದಮ್ಮ ಎಂಬ ಹಿರಿಯರಂತೂ, “ತಟ್ಬೇಡಿ ಅಂದ್ರೆ ಅಲ್ಲಿಗೇ ಓಯ್ತದೆ ಕನಪ್ಪ ಕೈ, ಏನ್ ಮಾಡನ” ಎಂದು ಕೈಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಾಡಿದರು. ಆರನೇ ಸಲಕ್ಕೆ ‘ಒಂದು’ ಖಾಲಿಯಾಯಿತು. ಆದರೆ ದಾಖಲೆಗಾಗಿ ಬರೆಯಲೇಬೇಕು: ಹಾರ್ಮೋನಿಯಮ್ಮಿನ ಮರೆಯಲ್ಲಿ ಮೇಷ್ಟ್ರು ತಮ್ಮ ಕಾಲಿನ ಹೆಬ್ಬೆರಳಿನಿಂದ ಒಂದಕ್ಕೆ ನೆಲ ಮುಟ್ಟುತ್ತಿದ್ದರು. ಹಿಂದೆ ಕೂತ ನನಗೆ ಮಾತ್ರ ಕಾಣುತ್ತಿತ್ತು. ಇದನ್ನು ತಾವು ಬಂದು ತಿದ್ದುವುದು ಕಷ್ಟ.

ತಾವು ಯಾವ ರೈಲಿಗೆ ಬರುತ್ತೀರಿ ಎಂದು ಅವರು ಕೇಳಲಿಲ್ಲ. ಗೌಹಾತಿ ರೈಲು ಬೆಂಗಳೂರಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದರು. ಇದನ್ನೂ ಭೂಗೋಳಕ್ಕೆ ಸೇರಿಸಿದ್ದೇನೆ.

ಕೊನೆಯದಾಗಿ ಒಂದು ಸಣ್ಣ ವಿಷಯ. ಹಾರ್ಮೋನಿಯಮ್ಮಿಗೆ ಈಗ ಮುಚ್ಚಳವಿಲ್ಲ. ಬಡಗಿಯನ್ನು ಕರೆಸಿ ಬಿಚ್ಚಿಸಿ ಗೋಡೆಗೆ ಒರಗಿಸಿದ್ದಾರೆ. ಯಾಕೆ ಸಾ ಎಂದು ಕೇಳಿದ್ದಕ್ಕೆ, “ಕೀಲು ತುಕ್ಕು ಹಿಡಿದಿತ್ತು” ಎಂದರು. ಬಿಚ್ಚಿದ ಕೀಲುಗಳು ಕಿಟಕಿಯ ಮೇಲೇ ಇದ್ದವು. ಅವರು ಆ ಕಡೆ ತಿರುಗಿದಾಗ ಕೈಗೆತ್ತಿಕೊಂಡು ನೋಡಿದೆ. ತುಕ್ಕು ಇರಲಿಲ್ಲ.

ಚಲುವರಾಜು